ಎಡಗೈ ಕತ್ತರಿ

ಮೊನ್ನೆ ಫ್ಯಾನು ರಿಪೇರಿಗೆ ಬಂದವನು ಟೇಪು ತುಂಡು ಮಾಡಲಿಕ್ಕೆ ಕತ್ತರಿ ಕೇಳಿದ. ಪೆಟ್ಟಿಗೆಯಲ್ಲಿ ಕೈಗೆ ಸಿಕ್ಕಿದ್ದನ್ನು ಕೊಟ್ಟೆ. ಒತ್ತಿ ಒತ್ತಿ ನೋಡಿ, "ಇದು ಗುಜರಿಗೇ ಸರಿ ಅಜ್ಜಿ, ಕಚ್ಚುವುದೇ ಇಲ್ಲ" ಅಂದ. "ಎಡಗೈಯಲ್ಲಿ ಹಿಡಿದು ನೋಡು" ಅಂದೆ. ಕತ್ತರಿ ಸ್ವಲ್ಪ ಗೊಣಗಿದರೂ ಟೇಪು ತುಂಡಾಯಿತು. ಅವನು ನನ್ನ ಮುಖ ನೋಡಿದ. ಅವನಿಗೆ ಹೇಳಲಿಲ್ಲ, ನಿಮಗೆ ಹೇಳುತ್ತೇನೆ.

ಕತ್ತರಿ ಗಿರಿಜೆಯದು. ಗಿರಿಜೆ ನಮ್ಮ ಬೇಲಿಯಾಚೆಯ ಮನೆಯವಳು, ಹುಟ್ಟು ಎಡಚಿ. ಅರವತ್ತರ ದಶಕದ ಆರಂಭ ಅದು. ಬಂಟ್ವಾಳದ ಆಸುಪಾಸಿನಲ್ಲಿ ನಮ್ಮಂಥ ಹುಡುಗಿಯರು ಶಾಲೆ ಬಿಟ್ಟ ಕೂಡಲೇ ಬೀಡಿ ಕಟ್ಟಲಿಕ್ಕೆ ಕೂರುತ್ತಿದ್ದೆವು. ಎಲೆ ಕತ್ತರಿಸುವಾಗ ಮಾಮೂಲಿ ಕತ್ತರಿ ಒಗ್ಗದೆ ಗಿರಿಜೆಯ ಹೆಬ್ಬೆರಳು ಬಾತುಕೊಳ್ಳುತ್ತಿತ್ತು. ಅವಳ ಸೋದರಮಾವ ಬೆಳ್ತಂಗಡಿಯ ಕಮ್ಮಾರನಿಗೆ ಹೇಳಿ ಅಲಗು ಅದಲುಬದಲು ಮಾಡಿಸಿದ ಕತ್ತರಿ ತಂದುಕೊಟ್ಟರು. ಊಟಕ್ಕೆ ಎಡಗೈ ನೀಡಿದರೆ ಅವಳ ಅಜ್ಜಿ ಗದರುತ್ತಿದ್ದರು. ಬೀಡಿಗೆ ಆ ಮಡಿ ಇರಲಿಲ್ಲ.

ನಮ್ಮ ಜಗಲಿಯಲ್ಲಿ ಎದುರುಬದುರು ಕೂತು, ಮಡಿಲಲ್ಲಿ ಮೊರ ಇಟ್ಟುಕೊಂಡು ಕಟ್ಟುತ್ತಿದ್ದೆವು. ನನ್ನ ಎಲೆ ಬಲಕ್ಕೆ ಸುತ್ತಿದರೆ ಅವಳದ್ದು ಎಡಕ್ಕೆ. ರಾಶಿ ಬೆರೆತರೂ ಬೇರೆ ಮಾಡಲಿಕ್ಕೆ ಹೊತ್ತು ಬೇಕಿರಲಿಲ್ಲ. ಗಂಟೆಗಟ್ಟಲೆ ಕೂತರೆ ಬಾಯಿ ಸುಮ್ಮನೆ ಇರುತ್ತದೆಯೇ? ನನ್ನ ಮಾತೆಲ್ಲ ಸಂಜೀವನದ್ದು.

ಸಂಜೀವ ಮೂಡಬಿದ್ರಿ ಬಸ್ಸಿನ ಕಂಡಕ್ಟರು. ನಾಲ್ಕು ಸಲ ಅವನ ಬಸ್ಸಿನಲ್ಲಿ ಪೊಳಲಿ ದೇವಸ್ಥಾನಕ್ಕೆ ಹೋಗಿಬಂದೆ. ನನ್ನ ಭಕ್ತಿ ಕಂಡು ಅಮ್ಮನಿಗೂ ಆಶ್ಚರ್ಯ. ದೀಪಾವಳಿ ಕಳೆದ ಮೇಲೆ ಅವನ ತಾಯಿ ನಮ್ಮಲ್ಲಿಗೆ ಬಂದು ಕೇಳುತ್ತಾರೆ ಅಂತ ಅವನೇ ಹೇಳಿದ್ದ. ಆ ಧೈರ್ಯದ ಮೇಲೆ ನಾರಾವಿಯಿಂದ ಬಂದ ಸಂಬಂಧವೊಂದಕ್ಕೆ ತಲೆನೋವು, ಹೊಟ್ಟೆನೋವು ಅಂತ ನೆಪ ಹೇಳಿ ದಿನ ದೂಡುತ್ತಿದ್ದೆ. ಅವನಿಗಾಗಿ ಹೊಗೆಸೊಪ್ಪಿನ ಪುಡಿ ಸ್ವಲ್ಪ ಹೆಚ್ಚೇ ಹಾಕಿ ಕೆಲವು ಬೀಡಿ ಕಟ್ಟಿಡುವುದು, ಬಸ್‌ಸ್ಟ್ಯಾಂಡಿನ ಹತ್ತಿರ ಹಾಲು ಕೊಡಲಿಕ್ಕೆ ಹೋಗುವ ಗಿರಿಜೆಯ ಕೈಯಲ್ಲಿ ಕಳಿಸುವುದು. "ನಿನ್ನ ಕೈಯದ್ದು ಅಂತ ಒಂದು ಸಲ ಎಳೆದರೆ ಗೊತ್ತಾಗ್ತದೆ" ಅನ್ನುತ್ತಿದ್ದ. ನಾನು ನಂಬಿದೆ.

ಒಂದು ಶನಿವಾರ ಬೀಡಿ ಕಂಪನಿಯ ಬ್ರಾಂಚಿಗೆ ವಾರದ ಬೀಡಿ ಕೊಟ್ಟು ಬರುವಾಗ ಅವನು ಬಸ್ಸಿಗೆ ಒರಗಿ ಬೀಡಿ ಹಚ್ಚುತ್ತಿದ್ದ. ಬೆರಳ ನಡುವಿನ ಎಲೆ ಎಡಕ್ಕೆ ಸುತ್ತಿತ್ತು. "ಇದು ಯಾರು ಕೊಟ್ಟದ್ದು?" ಅಂದೆ. "ನೀನೇ ಅಲ್ವಾ" ಅಂದ, ನಗುತ್ತಾ.

ಮರುದಿನ ಗಿರಿಜೆ ಎಂದಿನಂತೆ ಬಂದು ಕೂತಳು. ನಮ್ಮದು ತುಳು, ಇಲ್ಲಿ ಕನ್ನಡದಲ್ಲಿ ಹೇಳುತ್ತಿದ್ದೇನೆ.

"ಗಿರಿಜಾ, ಸಂಜೀವನ ಕೈಯಲ್ಲಿ ನಿನ್ನ ಬೀಡಿ ಕಂಡೆ."

ಅವಳು ಕತ್ತರಿ ಕೆಳಗಿಟ್ಟಳು. "ಹೌದು."

ಸುಳ್ಳು ಹೇಳುತ್ತಾಳೆ ಅಂದುಕೊಂಡು ಅದಕ್ಕೆ ತಕ್ಕ ಮಾತನ್ನೆಲ್ಲ ರಾತ್ರಿಯಿಡೀ ಸಿದ್ಧಮಾಡಿಕೊಂಡಿದ್ದೆ. ಎಲ್ಲ ದಂಡವಾಯಿತು.

"ಯಾವಾಗಿನಿಂದ?"

"ಮಳೆಗಾಲದಿಂದ, ಆಟಿ ತಿಂಗಳಿಂದ. ನೀನು ಕೊಟ್ಟದ್ದು ಒಂದು ದಿನ ಮಳೆಗೆ ನೆನೆಯಿತು. ಬರಿಗೈಯಲ್ಲಿ ಹೋಗುವುದು ಹೇಗೆ ಅಂತ ನನ್ನದು ಕೊಟ್ಟೆ. ಅವನಿಗೆ ಗೊತ್ತೇ ಆಗಲಿಲ್ಲ ಮಾರಾಯ್ತಿ. ನಾನೇ ಹೇಳಿದೆ. ಹಾಗಾದರೆ ಇನ್ನು ನಿನ್ನದೇ ಕೊಡು ಅಂದ." ಮೊರದ ಎಲೆ ಸರಿಮಾಡುತ್ತಾ, "ಮೊನ್ನೆ ಅವನ ಅಮ್ಮ ನಮ್ಮಲ್ಲಿಗೆ ಬಂದಿದ್ದರು" ಅಂದಳು.

"ನನ್ನ ಹತ್ತಿರ ಹೇಳಲಿಕ್ಕೆ ಏನಾಗಿತ್ತು?"

"ದಿನಾ ಹೇಳುವ ಅಂತಲೇ ಬರ್ತಿದ್ದೆ. ನೀನು ಅವನ ಸುದ್ದಿ ತೆಗೆದು ನಗ್ತಿದ್ದೆ. ಮತ್ತೆ ಹೇಳಲಿಕ್ಕೆ ಆಗ್ತಿರಲಿಲ್ಲ."

"ನಾನು ಕೊಟ್ಟ ಬೀಡಿ?"

"ಮನೆಯಲ್ಲಿ ಉಂಟು. ಬ್ರಾಂಚಿಗೆ ಕೊಡುವ ನನ್ನ ಕಟ್ಟಿನಲ್ಲಿ ಸೇರಿಸಲಿಲ್ಲ. ನಾಳೆ ತಂದುಕೊಡ್ಲಾ?"

ಹುಡುಗನನ್ನು ತೆಗೆದುಕೊಂಡವಳು ಬೀಡಿ ಮುಟ್ಟಿರಲಿಲ್ಲ. ಅದಕ್ಕೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. "ಬೇಡ. ನಾಳೆಯಿಂದ ನೀನೂ ಬರುವುದು ಬೇಡ" ಅಂದೆ. ಅವಳು ಮೊರ ಎತ್ತಿಕೊಂಡು ಬೇಲಿ ದಾಟಿದಳು. ಕತ್ತರಿ ಜಗಲಿಯಲ್ಲೇ ಉಳಿಯಿತು.

ಅವಳು ಸಂಜೀವನನ್ನು ಮದುವೆಯಾಗಿ ಮೂಡಬಿದ್ರಿಗೆ ಹೋದಳು. ನನಗೆ ನಾರಾವಿಯ ಸಂಬಂಧವೇ ಗಟ್ಟಿಯಾಯಿತು. ನಮ್ಮವರು ಒಳ್ಳೆಯವರು, ಬೀಡಿ ಸೇದುತ್ತಿರಲಿಲ್ಲ. ಕತ್ತರಿ ನನ್ನ ಪೆಟ್ಟಿಗೆಯಲ್ಲೇ ಇತ್ತು. ಬೇಕಿದ್ದರೆ ಕೇಳಲಿ ಅಂತ ನಾನು, ಕೊಡುವುದಿದ್ದರೆ ಕೊಡಲಿ ಅಂತ ಅವಳು. ಅತ್ತ ಅವಳು ಮಾಮೂಲಿ ಕತ್ತರಿ ಹಿಡಿದು ಬಲಗೈಯಲ್ಲೇ ಎಲೆ ಕತ್ತರಿಸಲು ಕಲಿತಳಂತೆ. ಹಾಗಂತ ಯಾರೋ ಹೇಳಿದ ದಿನ ನನಗೆ ಊಟ ಸೇರಲಿಲ್ಲ.

ಸಂಜೀವ ತೀರಿಹೋಗಿ ಬಹಳ ವರ್ಷವಾಯಿತು. ಮೊನ್ನೆ ಫ್ಯಾನಿನವನು ಹೋದ ಮೇಲೆ ಸಂಜೀವನ ಮುಖ ನೆನಪಿಸಿಕೊಳ್ಳಲು ನೋಡಿದೆ, ಬರಲಿಲ್ಲ. ಗಿರಿಜೆ ಎಲೆ ತಿರುಗಿಸುವ ಬೆರಳು ಬಂತು, ನೂಲು ಕಡಿಯುವಾಗ ಅವಳು ಕಣ್ಣು ಕಿರಿದು ಮಾಡುವುದು ಬಂತು. ಹುಡುಗ ಹೋದ ಅಂತ ನಾನು ಅಷ್ಟು ವರ್ಷ ಇಟ್ಟುಕೊಂಡ ಸಂಕಟ ಅವನದ್ದಲ್ಲ, ಅವಳದ್ದು.

ಕತ್ತರಿಗೆ ಸಾಣೆ ಹಿಡಿಸಿದ್ದೇನೆ. ನಾಳೆ ಬೆಳಗ್ಗೆ ಮೂಡಬಿದ್ರಿ ಬಸ್ಸು ಹತ್ತುವುದು. ಈ ಸಲ ಮಾತೇನೂ ಸಿದ್ಧಮಾಡಿಕೊಂಡಿಲ್ಲ. ಗಿರಿಜೆ ಬಾಗಿಲು ತೆಗೆದರೆ ಎಡಗೈ ನೀಡು ಅನ್ನುತ್ತೇನೆ.