ಬರೆದವನಿಗೇ ಬಣ್ಣ

ನಮ್ಮೂರಿಗೆ ಬಯಲಾಟ ಕಲಿಸುತ್ತಿದ್ದ ಮಾಸ್ತರರ ಬಲಗೈ ಬೆರಳ ತುದಿಗಳು ಯಾವಾಗಲೂ ಹಳದಿ. ಪಾತ್ರಧಾರಿಗಳ ಮುಖಕ್ಕೆ ಬಳಿಯುವ ಅರದಳದ ಬಣ್ಣ ಉಗುರಿನ ಸಂದಿಯಲ್ಲಿ ಕೂತುಬಿಟ್ಟಿತ್ತು, ಎಷ್ಟು ತಿಕ್ಕಿದರೂ ಹೋಗುತ್ತಿರಲಿಲ್ಲ. "ಆ ಕೈಲೆ ರೊಟ್ಟಿ ಮುರೀಬ್ಯಾಡ್ರಿ, ವಿಷ ಐತಿ" ಎಂದು ಅವರ ಹೆಂಡತಿ ಗದರುವರು. "ಇಷ್ಟ್ ವರ್ಷ ತಿಂದೀನಿ, ವಿಷಕ್ಕೂ ನನ್ನ ಗುರ್ತು ಸಿಕ್ಕೈತಿ ಬಿಡು" ಎಂದು ಮಾಸ್ತರರು ಅದೇ ಕೈಯಲ್ಲಿ ರೊಟ್ಟಿ ಮುರಿಯುವರು.

ನಮ್ಮದು ಹುಲಿಹೈದರದ ಕಡೆಯ ಸಣ್ಣ ಊರು. ಅದು ನಿಜಾಮರ ಕಾಲ, ಸಾಲೆಯಲ್ಲಿ ನಾನು ಕಲಿತದ್ದು ಉರ್ದು. ಮನೆಯಲ್ಲಿ ಆಡುವ ಕನ್ನಡವನ್ನು ಬರೆಯಲು ಬರುತ್ತಿರಲಿಲ್ಲ. ಊರಿನ ಬಹಳ ಮಂದಿಗೆ ಯಾವ ಅಕ್ಷರವೂ ಬರುತ್ತಿರಲಿಲ್ಲ. ಮಾಸ್ತರರು ತಮ್ಮ ಹೊಲದ ಜೋಳ ಉಂಡುಕೊಂಡಿದ್ದವರು. ಸುಗ್ಗಿ ಮುಗಿದ ಮೇಲೆ ಅವರ ಅಂಗಳದಲ್ಲಿ ಆಟದ ತಾಲೀಮು. ಅದಕ್ಕಾಗಿ ಯಾರಿಂದಲೂ ಒಂದು ಎಲೆ ಅಡಿಕೆ ಕೂಡ ಮುಟ್ಟಿದವರಲ್ಲ. ಇಡೀ ಊರಿಗೆ ಹಾಡು ಕಲಿಸಿದ ಆ ಮನುಷ್ಯನ ದನಿ ಮಾತ್ರ ಒಡಕು ಮಣ್ಣಿನ ಹರವಿಯದು. "ನಾ ಹಾಡಿದಂಗ ಹಾಡಬ್ಯಾಡ್ರಿ, ನಾ ಹೇಳಿದಂಗ ಹಾಡ್ರಿ" ಎನ್ನುತ್ತಿದ್ದರು.

ಬೇರೆ ಊರುಗಳಲ್ಲಿ ಪಾತ್ರದ ಮಾತುಗಳನ್ನು ಬಾಯಿಪಾಠ ಮಾಡಿಸುತ್ತಿದ್ದರು. ನಮ್ಮ ಮಾಸ್ತರರ ಹತ್ತಿರ ಅದು ನಡೆಯದು. ಪ್ರತಿಯೊಬ್ಬನೂ ತನ್ನ ಮಾತು, ಪದ ಎಲ್ಲವನ್ನೂ ತನ್ನ ಕೈಯಾರೆ ಕನ್ನಡದಲ್ಲಿ ಬರೆದುಕೊಳ್ಳಬೇಕು. "ಬರಕೊಂಡವಂಗ ಬಣ್ಣ" ಎಂಬುದು ಅವರ ಕಟ್ಟಳೆ. ಮೊದಲು ಉಸುಕಿನ ಮೇಲೆ ಬೆರಳಿನಿಂದ, ಆಮೇಲೆ ಪಾಟಿಯ ಮೇಲೆ, ಕಡೆಗೆ ಕಾಗದಕ್ಕೆ. ರಾಕ್ಷಸನ ಪಾತ್ರದ ಕುರಿ ಕಾಯುವವನೊಬ್ಬ ಮೊದಲ ಅಕ್ಷರಕ್ಕೇ ಎಂಟು ದಿನ ತೆಗೆದುಕೊಂಡ. "ಗದೆ ಎತ್ತೂದು ಹಗೂರ ರೀ ಮಾಸ್ತರ, ಬಳಪ ಭಾಳ ಭಾರ" ಎಂದು ಬೆವರು ಒರೆಸಿಕೊಳ್ಳುತ್ತಿದ್ದ. ನನಗೆ ಕೊಟ್ಟದ್ದು ರಾಣಿಯ ಪಾತ್ರ. ಸೀರೆ ಉಟ್ಟು ಮೂರು ವರ್ಷ ಕುಣಿದೆ. ನನಗೆ ಬರುವ ಕನ್ನಡ ಅಕ್ಷರಗಳೆಲ್ಲ ಆ ರಾಣಿಯ ಮಾತುಗಳಿಂದ ಬಂದವು.

ಆಟವೆಂದರೆ ಊರಿಗೆ ಕೆಲಸ. ಕಿರೀಟಕ್ಕೆ ಬಡಿಗೇರ, ಅಂಗಿಗೆ ಸಿಂಪಿಗ, ದೀವಟಿಗೆಯ ಎಣ್ಣೆಗೆ ಗಾಣದವರು, ಮಂಡಕ್ಕಿ ಹುರಿಯುವ ಮುದುಕಿಯವರೆಗೆ ಎಲ್ಲರ ಕೈಗೂ ನಾಲ್ಕು ಕಾಸು ಬರುವ ಕಾಲ. ನೋಡಲು ಬಂದವರು ಕೊಟ್ಟ ಕಾಣಿಕೆಯನ್ನು ಕುಣಿದವರು ಮುಟ್ಟುವ ಹಾಗಿರಲಿಲ್ಲ, ಅದು ಊರ ಬಾವಿಯ ಪಾಲು. ಬೇಸಿಗೆಯಲ್ಲಿ ಬಾವಿಗಿಳಿದು ಹೂಳೆತ್ತುವವರ ಕೂಲಿ ಹೋಗುತ್ತಿದ್ದದ್ದು ಅದರಿಂದಲೇ. ಇದೆಲ್ಲ ನನಗೆ ಅಂಗೈ ಗೆರೆಯಷ್ಟು ಚೆನ್ನಾಗಿ ಗೊತ್ತಿತ್ತು.

ನನಗೆ ತಾಲೂಕು ಕಚೇರಿಯಲ್ಲಿ ಕಾರಕೂನನ ಕೆಲಸ ಸಿಕ್ಕಿತು. ಗಂಡಸರು ಸೀರೆ ಉಟ್ಟು ಕುಣಿಯುವ ಊರುಗಳ ಬಗ್ಗೆ ಅಲ್ಲಿ ನಗೆಚಾಟಿಕೆ ನಡೆಯುತ್ತಿತ್ತು. ನಾನೂ ಜೊತೆಗೆ ನಗುತ್ತಿದ್ದೆ. ಆ ವರ್ಷ ಜನ ಸೇರುವುದಕ್ಕೆಲ್ಲ ಪರವಾನಗಿ ಬೇಕೆಂದು ಹುಕುಂ ಬಂತು. ಆಟದ ಪರವಾನಗಿ ಕೇಳಲು ಮಾಸ್ತರರು ನಡೆದೇ ಬಂದರು. ಅರ್ಜಿಯನ್ನು ಉರ್ದುವಿನಲ್ಲಿ ನಾನೇ ಬರೆದೆ. ತಹಶೀಲ್ದಾರ ಸಾಹೇಬರು ಓದಿ, ಬಾಗಿಲಲ್ಲಿ ನಿಂತ ಹಳದಿ ಬೆರಳಿನ ಮುದುಕನನ್ನು ನೋಡಿ, ನನ್ನತ್ತ ತಿರುಗಿ ಉರ್ದುವಿನಲ್ಲಿ ಒಂದೇ ಮಾತು ಕೇಳಿದರು: ಇದರಿಂದ ಊರಿಗೇನು ಫಾಯಿದೆ?

ಹೇಳಬಹುದಾಗಿತ್ತು. ಹೇಳಿದರೆ ನಿನಗೆ ಹೇಗೆ ಗೊತ್ತು ಎಂದು ಕೇಳುವರು, ರಾಣಿಯ ಸೀರೆ ಹೊರಬೀಳುವುದು. "ಕುಛ್ ನಹೀ, ಸಾಬ್" ಅಂದೆ, ಏನೂ ಇಲ್ಲ ಅಂತ.

ಸಾಹೇಬರು ಅರ್ಜಿಯನ್ನು ಪಕ್ಕಕ್ಕೆ ಸರಿಸಿದರು. ಗಂಗಾವತಿ ಸಂತೆಗೆ ಹೋಗಿ ಬರುವ ಯಾರಿಗಾದರೂ ಅಷ್ಟು ಉರ್ದು ತಿಳಿಯುತ್ತದೆ. ಮಾಸ್ತರರಿಗೂ ತಿಳಿದಿತ್ತು. ಹೊರಗೆ ಮೆಟ್ಟಿಲ ಮೇಲೆ ಚಪ್ಪಲಿ ಮೆಟ್ಟಿಕೊಳ್ಳುತ್ತ, "ತಮ್ಮಾ, ಊರಾಗ ಏನಂತ ಹೇಳ್ಲಿ?" ಎಂದು ಕೇಳಿದರು.

"ಸಾಹೇಬ್ರು ಒಪ್ಪಲಿಲ್ಲ ಅನ್ರಿ."

ಊರಲ್ಲಿ ಅಷ್ಟನ್ನೇ ಹೇಳಿದರು. ನನ್ನ ಮಾತನ್ನು ಯಾರ ಮುಂದೆಯೂ ಎತ್ತಲಿಲ್ಲ.

ಆ ಬೇಸಿಗೆ ಬಾವಿಯ ಹೂಳು ತೆಗೆಯಲಿಲ್ಲ. ಹೆಂಗಸರು ಹಳ್ಳದವರೆಗೆ ನಡೆದು ವರತೆ ತೋಡಿ ನೀರು ತಂದರು. ನಾನು ಊರಿಗೆ ಹೋದಾಗ ನನ್ನ ತಾಯಿ ತಲೆಯ ಮೇಲಿನ ಕೊಡ ಇಳಿಸಿ, "ಬ್ಯಾಡ ಅಂದ ಆ ಸಾಹೇಬನ ಬಾಯಾಗ ಮಣ್ಣು ಬೀಳ್ಲಿ" ಎಂದಳು. ಮಣ್ಣು ಬೀಳಬೇಕಾದ ಬಾಯಿ ಅವಳ ಎದುರಿಗೇ ಇತ್ತು, ಅವಳು ತಂದ ನೀರನ್ನೇ ಕುಡಿಯಿತು. ಎರಡು ವರ್ಷದ ಮೇಲೆ ಮಾಸ್ತರರು ಜ್ವರದಲ್ಲಿ ತೀರಿಕೊಂಡರು. ರಜೆ ಸಿಗಲಿಲ್ಲ ಎಂದು ಹೇಳಿಕಳಿಸಿದೆ. ನಾನು ರಜೆ ಕೇಳಿಯೇ ಇರಲಿಲ್ಲ.

ನಿಜಾಮರ ಆಳ್ವಿಕೆ ಮುಗಿದ ಮೇಲೆ ಕಚೇರಿಗೆ ಕನ್ನಡದ ಕಾಗದಗಳು ಬರತೊಡಗಿದವು. ಜೊತೆಯವರು ಹೊಸದಾಗಿ ಅಕ್ಷರ ತಿದ್ದುತ್ತಿದ್ದಾಗ ನಾನು ಸಲೀಸಾಗಿ ಬರೆದೆ, ಶಹಬ್ಬಾಸ್ ಅನ್ನಿಸಿಕೊಂಡೆ. ಎಲ್ಲಿ ಕಲಿತೆ ಎಂದವರಿಗೆ ಮನೆಯಲ್ಲಿ ಎಂದೆ.

ಆಗಲೇ ಒಂದು ದಿನ ನಮ್ಮೂರ ಹನ್ನೊಂದು ಮಂದಿ ಆಟದ ಅರ್ಜಿ ಹಿಡಿದು ಬಂದರು, ಮುಂದೆ ಆ ರಾಕ್ಷಸನ ಪಾತ್ರದವನು. ಹಳ್ಳಿಯವರು ಬಂದರೆ ಹೆಬ್ಬೆಟ್ಟಿನ ಮಸಿಡಬ್ಬಿ ತೆರೆಯುವುದು ನನ್ನ ಕೈಗೆ ರೂಢಿ, ತೆರೆದಿಟ್ಟೆ. ಅವನು ಅದನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ ಲೇಖನಿ ತೆಗೆದುಕೊಂಡ. ಒಬ್ಬರ ಹಿಂದೆ ಒಬ್ಬರು ಹನ್ನೊಂದು ಮಂದಿಯೂ ಸಹಿ ಮಾಡಿದರು. ಎಲ್ಲರ ಅಕ್ಷರವೂ ಮಾಸ್ತರರ ಅಕ್ಷರದ ಹಾಗೆ ಬಲಕ್ಕೆ ವಾಲಿತ್ತು, ನನ್ನದರ ಹಾಗೆಯೇ.

"ಕಚೇರಿಗೆ ಬರಾಕ ಅಂಜಿಕಿ ಆಗಿತ್ರಿ" ಎಂದ ಅವನು. "ಆದ್ರ ಮಾಸ್ತರ ಸಾಯೂ ಮುಂದ ಹೇಳಿದ್ರು, ಅಂಜಬ್ಯಾಡ್ರಿ, ಅಲ್ಲಿ ನಮ್ಮ ರಾಣಿ ಅದಾಳ ಅಂತ."

ಕಚೇರಿಯಲ್ಲಿದ್ದ ಎಲ್ಲರಿಗೂ ಕೇಳಿಸಿತು. ಯಾರೂ ನಗಲಿಲ್ಲ. ನಾನು ಮಸಿಡಬ್ಬಿಯ ಮುಚ್ಚಳ ಹುಡುಕುವವನ ಹಾಗೆ ತಲೆ ತಗ್ಗಿಸಿದೆ.