ಗೇಟಿನಲ್ಲಿ ಬಿಚ್ಚಿಟ್ಟ ಬೂಟು

ಅಗ್ನಿಶಾಮಕದ ಜಗನ್ ಬೂಟುಗಾಲಲ್ಲಿ ನನ್ನ ಹುಳುಮನೆಗೆ ನುಗ್ಗಿದ್ದನ್ನು ನಾನು ಇನ್ನೂ ಕ್ಷಮಿಸಿಲ್ಲ. ಎರಡು ವರ್ಷವಾಯಿತು. ರೇಷ್ಮೆಹುಳು ಕೊನೆಯ ಜ್ವರ ಬಿಟ್ಟು, ಪೊರೆ ಕಳಚಿ ಎದ್ದಿದ್ದ ದಿನ. ಅಂಥ ದಿನ ನಮ್ಮ ಜಂಗಮಕೋಟೆಯಲ್ಲಿ, ಹುಳುವಿಗೆ ಸೋಂಕು ತಗಲೀತೆಂದು, ಹೆತ್ತ ಮಗಳೂ ಬ್ಲೀಚಿಂಗ್ ನೀರಿನಲ್ಲಿ ಕಾಲದ್ದದೆ ಹೊಸ್ತಿಲು ದಾಟುವುದಿಲ್ಲ. ಆ ಬೆಳೆಯಲ್ಲಿ ಅರ್ಧ ಹುಳು ಕೊಳೆತು ಹೋಯಿತು. ಸೊಪ್ಪಿನ ತೇವದಿಂದ ಎಂದು ತಿಳಿದವರು ಹೇಳಿದರು. ಬೂಟಿನಿಂದ ಎಂದೇ ನಾನು ಹೇಳುತ್ತೇನೆ.

ಅವನು ಬಂದದ್ದು ಒಂದು ಕ್ಯಾಮೆರಾದ ಮಾತು ಕೇಳಿ. ಊರಿನ ನೀರಿನ ಟ್ಯಾಂಕಿನ ಮೇಲೆ ಅದನ್ನು ಕೂರಿಸಿದ್ದರು. ಹೊಗೆ ಕಂಡರೆ ಎಐ ಎಂಬ ಕಂಪ್ಯೂಟರ್ ಬುದ್ಧಿ ಅದು ಬೆಂಕಿಯೋ ಅಲ್ಲವೋ ಎಂದು ಅಗ್ನಿಶಾಮಕ ಠಾಣೆಯ ಪರದೆಗೆ ಬರೆಯುತ್ತದೆ. ಆ ದಿನ ನಾನು ಹಿತ್ತಲಲ್ಲಿ ಚಂದ್ರಿಕೆಗೆ ಉರಿ ತೋರಿಸುತ್ತಿದ್ದೆ. ಹುಳು ಗೂಡು ಕಟ್ಟುವ ಬಿದಿರಿನ ತಟ್ಟಿ ಅದು. ಹಳೆಯ ಎಳೆ ಸುಟ್ಟುಹೋಗಲೆಂದು ಪ್ರತಿ ಬೆಳೆಗೂ ಹೀಗೆ ಮಾಡುತ್ತೇವೆ. ಯಂತ್ರಕ್ಕೇನು ಗೊತ್ತು. ಬೆಂಕಿ ಎಂದಿತು, ಒಳಗೆ ಜನ ಇದ್ದಾರೇನೋ ಎಂದು ಜಗನ್ ನುಗ್ಗಿದ.

ಠಾಣೆಗೆ ಹೋಗಿ ಟೇಬಲ್ ಗುದ್ದಿದೆ. ನನ್ನ ಮನೆ ಹೊಗೆ ಬೆಂಕಿಯಲ್ಲ ಎಂದು ನಿಮ್ಮ ಯಂತ್ರಕ್ಕೆ ಹೇಳಿಕೊಡಿ ಎಂದೆ. ಸಾಹೇಬರು ಒಪ್ಪಿದರು. ಕಲಿಸುವ ಕೆಲಸ ಜಗನ್ ಪಾಲಿಗೆ ಬಂತು. ಚಿಂತಾಮಣಿ ಕಡೆಯವನು, ಹದಿನೆಂಟು ವರ್ಷ ಗಾಡಿಯ ಮೇಲೆ ಕಳೆದವನು. ಹಿಂದೆಲ್ಲೋ ಯಾರದೋ ತಮಾಷೆ ಕರೆ ಎಂದುಕೊಂಡು ಠಾಣೆಯವರು ಗಾಡಿ ಬಿಡದೆ, ಒಂದು ಮನೆ ಬೂದಿಯಾದದ್ದನ್ನು ಕಂಡಿದ್ದನಂತೆ. ಮೂರು ತಿಂಗಳು ಮನೆಮನೆ ತಿರುಗಿ, ಚಂದ್ರಿಕೆ ಹೊಗೆ, ನೂಲು ತೆಗೆಯುವವರ ಬಾಯ್ಲರ್ ಹೊಗೆ, ಎಲ್ಲವನ್ನೂ ಮನೆಯವರನ್ನು ಕೇಳಿಯೇ ಫೋಟೋ ತೆಗೆದು ಯಂತ್ರಕ್ಕೆ ತೋರಿಸಿದ. ಆದರೆ ಠಾಣೆಯ ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ ಒಂದು ಸಾಲು ಬರೆದ: ‘ಹೊರಡಿ ಎಂದು ಯಂತ್ರ ಹೇಳಬಹುದು. ಬೇಡ ಎಂದು ಮನುಷ್ಯನೇ ಹೇಳಬೇಕು.’ ಡೀಸೆಲ್ ದಂಡ ಎಂದು ಸಾಹೇಬರು ಗೊಣಗಿದರೂ ಜಗನ್ ಅದನ್ನು ಒರೆಸಲು ಬಿಡಲಿಲ್ಲ.

ನನ್ನ ನಂಬರ್ ಬರೆದುಕೊಂಡ. ಹೊಗೆ ಕಂಡರೆ ಕರೆ ಮಾಡುತ್ತೇನೆ, ಚಂದ್ರಿಕೆ ಎಂದು ನೀನು ಹೇಳಿದರೆ ಬರುವುದಿಲ್ಲ, ಹೇಳದಿದ್ದರೆ ಬಂದೇ ಬರುತ್ತೇನೆ ಎಂದ. ನನಗೆ ಹಟ. ಕರೆ ಎತ್ತಲಿಲ್ಲ. ನಾಲ್ಕು ಸಲ ಗಾಡಿ ತಂದ. ನಾಲ್ಕು ಸಲವೂ ಗೇಟಿನಲ್ಲಿ ಬೂಟು ಬಿಚ್ಚಿಟ್ಟು, ಬರಿಗಾಲಲ್ಲಿ ಹಿತ್ತಲು ನೋಡಿ ಹೋದ. ಹಾಲಿನ ಡೇರಿ ಮುಂದೆ ನಿಂತವರು ನಕ್ಕರು.

“ಏನಪ್ಪಾ ಜಗನ್, ಗಾಡಿ ಚಕ್ರ ಸವೆಯಲ್ವೇನೋ?” ಎಂದೆ ಒಂದು ಸಲ.

“ನೀನು ಫೋನ್ ಎತ್ತಿದ್ರೆ ಸವೆಯಲ್ಲ ಕಣಣ್ಣ,” ಎಂದ, ಲೇಸು ಕಟ್ಟುತ್ತಾ.

ಐದನೆಯದು ಕಳೆದ ಪುಷ್ಯದ ಚಳಿಯಲ್ಲಿ. ಹುಳುಮನೆ ಬೆಚ್ಚಗಿರಲೆಂದು ಇದ್ದಿಲು ಒಲೆ ಇಟ್ಟು, ಅಮ್ಮನನ್ನು ಕಾವಲಿಗೆ ಕೂರಿಸಿ, ಪಹಣಿ ತಿದ್ದಿಸಲು ಚಿಕ್ಕಬಳ್ಳಾಪುರಕ್ಕೆ ಹೊರಟಿದ್ದೆ. ಅಮ್ಮನಿಗೆ, ಅಮ್ಮಾಜಮ್ಮನಿಗೆ, ಎಂಬತ್ತಾಗಿದೆ, ಕಿವಿ ಮಂದ. ಬಸ್ಸಿನಲ್ಲಿದ್ದಾಗ ಫೋನಿನಲ್ಲಿ ಜಗನ್ ಹೆಸರು ಕಂಡಿತು. ಕಟ್ ಮಾಡಿದೆ.

ಆಗ ಠಾಣೆಯಲ್ಲಿ ನಡೆದದ್ದನ್ನು ಪರದೆ ನೋಡಿಕೊಳ್ಳುವ ಸುನೀಲ್ ಆಮೇಲೆ ಹೇಳಿದ. ಯಂತ್ರ ‘ಚಂದ್ರಿಕೆ ಹೊಗೆ’ ಎಂದೇ ಬರೆದಿತ್ತಂತೆ. ನಾಲ್ಕು ಸಲ ಹೋಗಿ ಬಂದಾಗಿದೆ, ಕಟ್ ಮಾಡಿದ್ದಾನೆ ಎಂದರೆ ಏನೂ ಇಲ್ಲವೆಂದೇ ಅರ್ಥ ಎಂದು ಸುನೀಲನೂ ಅಂದನಂತೆ. ಅಷ್ಟರಲ್ಲಿ ಜಗನ್ ಹೆಲ್ಮೆಟ್ ಹಾಕಿಕೊಂಡಿದ್ದ.

“ಕಟ್ ಮಾಡಿದ್ರೆ ಬೇಡ ಅಂದಂಗಲ್ಲ ಕಣೋ. ನಡೀರಿ.”

ಒಲೆಯ ಕಿಡಿ ಒಣ ಹಿಪ್ಪುನೇರಳೆ ಕಡ್ಡಿಗೆ ಬಿದ್ದಿತ್ತು. ನಾನು ವಾಪಸ್ ಬರುವಷ್ಟರಲ್ಲಿ ಹುಳುಮನೆಯಲ್ಲಿ ಕರಿ ಗೋಡೆ ಬಿಟ್ಟರೆ ಏನೂ ಇರಲಿಲ್ಲ. ಅಮ್ಮ ಬೇವಿನ ಮರದ ಕೆಳಗೆ ಜಗನ್‌ನ ಕೋಟು ಹೊದ್ದು ಕೆಮ್ಮುತ್ತಾ ಕೂತಿದ್ದಳು. ಅವನೇ ಎತ್ತಿಕೊಂಡು ಬಂದದ್ದು. ನನ್ನನ್ನು ಕಂಡು ಎದ್ದು ನಿಂತ. ಒಂದು ಹುಬ್ಬು ಸುಟ್ಟುಹೋಗಿತ್ತು.

“ಅಣ್ಣ, ಈ ಸಲ ಬೂಟು ಬಿಚ್ಚೋಕಾಗ್ಲಿಲ್ಲ.”

ಕುಹಕ ಇರಲಿಲ್ಲ ಅದರಲ್ಲಿ. ನಾನು ಒಂದು ಮಾತು ಆಡಬೇಕಿತ್ತು. ಬಾಯಿ ತೆರೆದರೆ ಬಂದದ್ದು, ಪೈಪಿನ ನೀರು ಸೊಪ್ಪಿನ ತೋಟಕ್ಕೆ ನುಗ್ಗುತ್ತಿದೆ ಎಂಬ ಬೈಗುಳ. ಅವನು ಹೋಗಿ ಪೈಪು ತಿರುಗಿಸಿದ.

ಈಗ ಅವನಿಗೆ ಗೌರಿಬಿದನೂರಿಗೆ ವರ್ಗವಾಗಿದೆ. ಅಲ್ಲಿಯ ಬೋರ್ಡಿನ ಮೇಲೂ ಅದೇ ಸಾಲು ಬರೆದಿದ್ದಾನಂತೆ. ಇಲ್ಲಿ ಹೊಗೆ ಕಂಡರೆ ಸುನೀಲ್ ಕರೆ ಮಾಡುತ್ತಾನೆ. ಮೊದಲ ರಿಂಗಿಗೇ ಎತ್ತಿ ಉತ್ತರ ಕೊಡುತ್ತೇನೆ. ಹೊಸ ಹುಳುಮನೆಯ ಹೊಸ್ತಿಲಲ್ಲಿ ಬ್ಲೀಚಿಂಗ್ ನೀರಿನ ತೊಟ್ಟಿಯನ್ನು ಬೂಟು ಮುಳುಗುವಷ್ಟು ಆಳ ಮಾಡಿಸಿದ್ದೇನೆ. ಜಗನ್ ನಂಬರ್ ಫೋನಿನಲ್ಲಿ ಹಾಗೇ ಇದೆ. ಅದಕ್ಕೆ ನಾನಾಗಿ ಇವತ್ತಿನವರೆಗೂ ಒಂದು ಕರೆ ಮಾಡಿಲ್ಲ.