ಅಕ್ಕ ಜಿಗಿಯುತ್ತಿದ್ದ ಕಂಬಗಳು

ಎಲ್ಲಾದರೂ ಬಡಗಿಯೊಬ್ಬ ಅಂಟು ಕಾಯಿಸುತ್ತ ಕುಳಿತಿದ್ದರೆ ಇಂದಿಗೂ ನನ್ನ ಕಾಲುಗಳು ತಾವಾಗಿಯೇ ನಿಲ್ಲುತ್ತವೆ. ಸುಟ್ಟ ಕೊಂಬಿನಂಥ ಆ ಘಾಟು ಮೂಗಿಗೆ ಬಡಿದರೆ ಸಾಕು, ವಿಜಾಪುರದ ಸಿದ್ಧೇಶ್ವರ ಗುಡಿಯ ಹಿಂದಿನ ಓಣಿ, ಮಣ್ಣಿನ ಮಾಳಿಗೆಯ ನಮ್ಮ ಮನೆ, ಅಂಗಳದಲ್ಲಿ ಮೊಣಕಾಲೂರಿ ಕುಳಿತ ಅಪ್ಪ, ಎಲ್ಲ ಒಮ್ಮೆಲೇ ಎದ್ದು ಬರುತ್ತವೆ. ಆ ಮನೆ ಈಗಿಲ್ಲ. ಅಲ್ಲಿ ಪಾತ್ರೆ ಅಂಗಡಿಗಳ ಸಾಲು ಎದ್ದಿದೆ. ನಿಮ್ಮ ಮನೆಯೂ ಹೀಗೆಯೇ ಹೋಗಿದ್ದರೆ, ಅಂಗಡಿಯೊಳಗೆ ನಿಂತು ಅಡಿಗೆಮನೆ ಎಲ್ಲಿತ್ತೆಂದು ಹುಡುಕುವ ಕಣ್ಣು ನಿಮಗೂ ಗೊತ್ತಿರುತ್ತದೆ.

ಅರವತ್ತರ ದಶಕದ ಮೊದಲ ವರ್ಷಗಳವು. ಅಪ್ಪ ಕನ್ನಡ ಸಾಲಿಯ ಮಾಸ್ತರರು. ನನ್ನ ಅಕ್ಕ ಶಾಂತಾ ಎತ್ತರ ಜಿಗಿತದಲ್ಲಿ ಹೈಸ್ಕೂಲಿನ ಹುಡುಗಿಯರನ್ನೆಲ್ಲ ಹಿಂದೆ ಹಾಕುತ್ತಿದ್ದಳು. ಅಪ್ಪನ ಸಾಲಿಗೆ ಹೊಸ ಕಂಬ ಬಂದಾಗ, ಹಿತ್ತಲಿಗೆ ಎಸೆದಿದ್ದ ಹಳೆಯ ಜಿಗಿತದ ಕಂಬಗಳೆರಡನ್ನು ಹೆಡ್‌ಮಾಸ್ತರರನ್ನು ಕೇಳಿ ಕೈಗಾಡಿಯಲ್ಲಿ ಮನೆಗೆ ತಂದರು. ಮುಟ್ಟಿದರೆ ಮುದುಕರ ಹಲ್ಲಿನಂತೆ ಅಲುಗಾಡುತ್ತಿದ್ದವು. ಮನೆಯಲ್ಲಿದ್ದದ್ದು ಒಂದು ಉಳಿ, ಒಂದು ಇಕ್ಕಳ. ಸುತ್ತಿಗೆಯ ಬದಲು ಅವ್ವನ ಒಳಕಲ್ಲಿನ ಗುಂಡು. “ಬರೇ ಮೊಳಿ ಬಡದ್ರ ಕಟಿಗಿ ಸೀಳತೈತಿ” ಎನ್ನುತ್ತ ಅಪ್ಪ ತುಕ್ಕು ಹಿಡಿದ ಮೊಳೆಗಳನ್ನು ಕಿತ್ತರು, ಕಂಬ ಪಾದಕ್ಕೆ ಕೂಡುವ ಗೂಡಿನಲ್ಲಿದ್ದ ಹಳೆಯ ಅಂಟನ್ನು ಕೆರೆದರು, ಜಾಲಿ ಕಟ್ಟಿಗೆಯ ಬೆಣೆ ಕೆತ್ತಿ ಬಿಸಿ ಅಂಟು ಸವರಿ ಬಡಿದರು. ಅಕ್ಕ ಕಂಬ ಹಿಡಿದು ನಿಂತಳು, ನಾನು ಅಂಟಿನ ಡಬ್ಬಿ ಹಿಡಿದೆ. ಹಗ್ಗ ಸುತ್ತಿ, ಅದರೊಳಗೆ ಕೋಲು ತೂರಿಸಿ ತಿರುವಿ ಬಿಗಿದು, ಅಂಟು ಒಣಗುವವರೆಗೆ ಯಾರೂ ಮುಟ್ಟಕೂಡದೆಂದರು. ಗಿಡ್ಡವಾಗಿದ್ದ ಒಂದು ಪಾದಕ್ಕೆ ಸೈಕಲ್ ಟ್ಯೂಬಿನ ತುಂಡು ಅಂಟಿಸಿದರು. ಮರುದಿನ ಅಕ್ಕ ಭುಜ ಕೊಟ್ಟು ನೂಕಿದರೂ ಕಂಬ ಅಲುಗಲಿಲ್ಲ. ಅಂದಿನಿಂದ ದಿನಾ ಮುಂಜಾನೆ ಉದ್ದ ಲಂಗದಂಥ ಪರಕಾರಕ್ಕೆ ಕಚ್ಚೆ ಹಾಕಿ ಓಡಿಬಂದು, ಕಂಬದ ತೂತುಗಳಲ್ಲಿ ಗೂಟ ಸಿಕ್ಕಿಸಿ ಅಡ್ಡ ಇಟ್ಟ ಬಿದಿರುಕೋಲಿನ ಮೇಲಿಂದ ಹಾರಿ ಉಸುಕಿನಲ್ಲಿ ಬೀಳುತ್ತಿದ್ದಳು. ಅಪ್ಪ ಚಹಾದ ಬಟ್ಟಲು ಹಿಡಿದು ನೋಡುತ್ತ, “ಇನ್ನೊಂದು ತೂತು ಏರಸಲೇನವಾ?” ಎಂದು ಕೇಳುತ್ತಿದ್ದರು.

ಮುಂದೆ ಘೋಣಸಗಿಯಿಂದ ಅಕ್ಕನನ್ನು ನೋಡಲು ಬರುವವರಿದ್ದರು. ಅವ್ವ, “ಆ ಕಂಬ ಹಿತ್ತಲಕ್ಕ ಸರಸ್ರಿ, ಮಂದಿ ಏನಂದಾರು” ಎಂದಳು. ಅಪ್ಪ ಸಿಡುಕಿದರು: “ಯಾಕ ಸರಸಬೇಕು? ನನ್ನ ಮಗಳು ಕಳವು ಮಾಡ್ಯಾಳೇನು?” ಬಾಗಿಲ ಮರೆಯಲ್ಲಿದ್ದ ಅಕ್ಕನ ಮುಖ ಅರಳಿದ್ದು ನನಗೆ ಕಾಣಿಸಿತು.

ಬಂದವರಲ್ಲಿ ಹುಡುಗನ ಸೋದರಮಾವ ಹಿರಿಯರು. ಜಮಖಾನದ ಮೇಲೆ ಕೂಡುತ್ತಲೇ ಅಂಗಳದತ್ತ ನೋಡಿ, “ಮಾಸ್ತರ, ಇವೇನ್ರಿ ಕಂಬ?” ಎಂದರು. ಅಪ್ಪ, “ಅರಿವಿ ಒಣ ಹಾಕಾಕ್ರಿ” ಎಂದರು.

“ಮತ್ತ ಇಷ್ಟ್ಯಾಕ ತೂತು?”

“ಹಗ್ಗ ಏರಿಸಿ ಇಳಸಾಕ್ರಿ.”

ಎಲ್ಲರೂ ಮಾಸ್ತರರ ತಲೆಯನ್ನು ಹೊಗಳಿ ನಕ್ಕರು, ಅಪ್ಪನೂ ನಕ್ಕರು. ಅವಲಕ್ಕಿ ತಂದಿದ್ದ ಅಕ್ಕ ಹೊಸ್ತಿಲಲ್ಲೇ ನಿಂತಿದ್ದಳು. ಅವಳ ಮುಖ ನೋಡಲಾಗದೆ ನಾನು ನೆಲ ನೋಡಿದೆ.

ಮರುದಿನ ಅಪ್ಪ ಸಾಲಿಯಿಂದ ಬಂದಾಗ ಎರಡು ಕಂಬಗಳ ನಡುವೆ ಹಗ್ಗ ಕಟ್ಟಿತ್ತು. ಅದರ ಮೇಲೆ ಅವರದೇ ಧೋತರ ಒಣಗುತ್ತಿತ್ತು. “ಶಾಂತವ್ವಾ, ತಗೀವಾ ಅದನ್ನ” ಎಂದರು, ಧ್ವನಿ ಸಣ್ಣದಾಗಿತ್ತು. “ಇರಲಿ ಬಿಡ್ರಿ ಅಪ್ಪಾ, ನೀವ ಹೇಳೀರಲ್ಲ” ಎಂದು ಅಕ್ಕ ಒಳಗೆ ಹೋದಳು.

ಹುಡುಗಿ ಒಪ್ಪಿಗೆಯೆಂದು ಘೋಣಸಗಿಯಿಂದ ಸುದ್ದಿ ಬಂತು. ಅವ್ವ ಸಕ್ಕರೆ ಹಂಚುವ ಮೊದಲೇ ಅಪ್ಪ ಒಬ್ಬರೇ ಬಸ್ಸು ಹತ್ತಿ ಆ ಊರಿಗೆ ಹೋದರು. ಸಂಜೆ ಮರಳಿದವರು ತಲೆಯ ರುಮಾಲೂ ತೆಗೆಯದೆ ನಡುಮನೆಯಲ್ಲಿ ನಿಂತು ನಮ್ಮೆಲ್ಲರನ್ನೂ ಕರೆದರು.

“ಖರೇ ಹೇಳಿ ಬಂದೆ. ಹುಡುಗಿ ಜಿಗಿಯೋದಕ್ಕ ನಮ್ಮ ತಕರಾರಿಲ್ಲ ಅಂದ್ರು. ಆದ್ರ, ಎರಡು ಕಟಿಗಿ ಸಲುವಾಗಿ ಸುಳ್ಳ ಹೇಳಿದವರು ನಾಳೆ ಯಾತಕ್ಕ ಹೇಳ್ತೀರೋ, ಈ ಸಂಬಂಧ ಬ್ಯಾಡ್ರಿ ಅಂದ್ರು.” ದಿನಾ ನೂರು ಮಕ್ಕಳ ಮುಂದೆ ತಲೆಯೆತ್ತಿ ನಿಲ್ಲುವ ಮನುಷ್ಯ ಅಂದು ಮಗಳ ಮುಂದೆ ತಲೆ ತಗ್ಗಿಸಿ, “ತಪ್ಪು ನಂದವಾ” ಎಂದರು. ಆ ನಾಚಿಕೆ ಇಡೀ ಮನೆಯ ಮೇಲೆ ಬಿತ್ತು. ಯಾರೂ ಯಾರ ಮುಖವನ್ನೂ ನೋಡದೆ ಉಂಡೆವು.

ಬೆಳಗಾಗುತ್ತಲೇ ಅಪ್ಪ ಹಗ್ಗ ಬಿಚ್ಚಿ ಕೋಲಿಟ್ಟರು. ಅಕ್ಕ ಮತ್ತೆಂದೂ ಜಿಗಿಯಲಿಲ್ಲ. ಎರಡು ವರ್ಷಗಳ ನಂತರ ಅವಳ ಮದುವೆ ಕಾಖಂಡಕಿಯಲ್ಲಿ ಆಯಿತು. ಆಮೇಲೂ ಪ್ರತಿ ಬೇಸಿಗೆಯಲ್ಲಿ ಕಂಬಗಳ ಕಟ್ಟಿಗೆ ಒಣಗಿ ಸಡಿಲಾದರೆ ಅಪ್ಪ ಹೊಸ ಬೆಣೆ ಕೆತ್ತಿ ಬಿಗಿಮಾಡುತ್ತಿದ್ದರು. “ಆಕಿ ಸಿಟ್ಟು ಇನ್ನೂ ಇಳಿದಿಲ್ಲ” ಎಂದು ಅವ್ವನ ಹತ್ತಿರ ಅನ್ನುತ್ತಿದ್ದರು.

ಅಪ್ಪ ತೀರಿಕೊಂಡ ಮೇಲೆ ಒಮ್ಮೆ ಅಕ್ಕನನ್ನು, ಅಪ್ಪನ ಮೇಲಿನ ಸಿಟ್ಟಿಗೇ ಜಿಗಿಯುವುದನ್ನು ಬಿಟ್ಟೆಯಾ ಎಂದು ಕೇಳಿದೆ. ಅಕ್ಕ ಹೇಳಿದಳು: “ಅಪ್ಪ ತಪ್ಪು ನಂದು ಅಂದಾಗನ ಸಿಟ್ಟು ಹೋಗಿತ್ತು ಬೇ. ನಾ ಜಿಗದ್ರ ಅವ್ರಿಗೆ ಆ ದಿನ ನೆನಪಾಗತಿತ್ತಲ್ಲ. ಅದಕ್ಕ ಬಿಟ್ಟೆ.”